ಎರಡು ಆಳ್ವಿಕೆಗಳು, ಒಬ್ಬ ಗೋಲುರಕ್ಷಕ: ರಿಕಾರ್ಡೊ ಝಮೋರಾನ ಜೀವನವೂ ಸ್ಪೇನಿನ ಇತಿಹಾಸವೂ

೧

ಸ್ಪೇನಿನ ಅಂತರ್ಯುದ್ಧವನ್ನು ಕುರಿತು ಪಾಠ ಹೇಳುವ ಅಧ್ಯಾಪಕನಿಗೆ ತರಗತಿಯಲ್ಲಿ ತಪ್ಪದೆ ಎದುರಾಗುವ ಪ್ರಶ್ನೆಯೊಂದುಂಟು. ಆ ಕಾಲದ ಯಾವ ವ್ಯಕ್ತಿಯ ಹೆಸರನ್ನೆತ್ತಿದರೂ ವಿದ್ಯಾರ್ಥಿಗಳು ಮೊದಲು ಕೇಳುವುದು, ‘ಅವನು ಯಾವ ಪಕ್ಷದವನು?’ ಎಂದು. ಸೇನಾನಿಗಳ ವಿಷಯದಲ್ಲಿ ಉತ್ತರ ಕಷ್ಟವಲ್ಲ. ಮಂತ್ರಿಗಳ ವಿಷಯದಲ್ಲಿಯೂ ಕಷ್ಟವಲ್ಲ. ಕವಿಗಳು, ಚಿತ್ರಕಾರರು, ಪಾದ್ರಿಗಳು ಇವರಲ್ಲಿ ಬಹುಮಂದಿಯ ನಿಲುವು ಅವರ ಬರಹದಿಂದಲೋ ಅವರು ಅನುಭವಿಸಿದ ಗತಿಯಿಂದಲೋ ತಿಳಿದುಬರುತ್ತದೆ. ಆದರೆ ಈ ಪ್ರಶ್ನೆಯ ಅಳತೆಗೆ ಸಿಕ್ಕದ ವ್ಯಕ್ತಿಗಳೂ ಉಂಟು. ಅಂಥವರನ್ನು ಇತಿಹಾಸಕಾರನು ಹೇಗೆ ಕಾಣಬೇಕು ಎಂಬುದು ಸಣ್ಣ ಪ್ರಶ್ನೆಯಲ್ಲ.

ಇಂತಹ ವ್ಯಕ್ತಿಗಳಲ್ಲಿ ಒಬ್ಬನು ರಿಕಾರ್ಡೊ ಝಮೋರಾ. ಇವನು ರಾಜನೀತಿಜ್ಞನಲ್ಲ, ಗ್ರಂಥಕರ್ತನಲ್ಲ. ಕಾಲ್ಚೆಂಡಾಟದ ಗೋಲುರಕ್ಷಕನು, ಆಮೇಲೆ ತರಬೇತುದಾರನು. ೧೯೩೪ರಲ್ಲಿ ಸ್ಪೇನಿನ ಎರಡನೆಯ ಗಣರಾಜ್ಯವು ತನ್ನ ಗೌರವಪದವಿಯನ್ನಿತ್ತು ಇವನನ್ನು ಮನ್ನಿಸಿತು. ಆ ಗಣರಾಜ್ಯವನ್ನು ಮೂರು ವರ್ಷಗಳ ಯುದ್ಧದಲ್ಲಿ ಹೊಡೆದುರುಳಿಸಿದ ಫ್ರಾಂಕೊನ ಸರ್ಕಾರವು ೧೯೫೦ರ ದಶಕದಲ್ಲಿ ಇದೇ ವ್ಯಕ್ತಿಗೆ ಸಿಸ್ನೆರೋಸ್ ಪದವಿಯ ಮಹಾಶಿಲುಬೆಯನ್ನು ಕೊಟ್ಟಿತು. ಪರಸ್ಪರ ಶತ್ರುಗಳಾದ ಎರಡು ಆಳ್ವಿಕೆಗಳ ಪದಕಗಳು ಒಂದೇ ಎದೆಯ ಮೇಲೆ ಬಂದು ಕುಳಿತದ್ದು ಹೇಗೆ? ಇವನು ಪಕ್ಷ ಬದಲಿಸಿದನೇ? ಅಥವಾ ಪಕ್ಷಗಳೇ ಇವನನ್ನು ತಮ್ಮ ತಮ್ಮ ಕಡೆಗೆ ಎಳೆದುಕೊಂಡವೇ? ಈ ಲೇಖನದಲ್ಲಿ ಝಮೋರಾನ ಜೀವನವನ್ನು ಈ ಪ್ರಶ್ನೆಯ ಬೆಳಕಿನಲ್ಲಿ ಪರಿಶೀಲಿಸಲಾಗಿದೆ. ಇದರೊಡನೆ ಸೇರಿಕೊಂಡಿರುವ ಇನ್ನೊಂದು ಪ್ರಶ್ನೆಯನ್ನೂ ಎತ್ತಿಕೊಳ್ಳಲಾಗಿದೆ: ತರಬೇತುದಾರನಾಗಿ ಇವನು ಗಳಿಸಿದ ಯಶಸ್ಸಿನಲ್ಲಿ ಇವನ ಪಾಲೆಷ್ಟು, ಕಾಲದ ಪಾಲೆಷ್ಟು?

೨

ಝಮೋರಾ ಹುಟ್ಟಿದ್ದು ೧೯೦೧ರ ಆರಂಭದಲ್ಲಿ, ಬಾರ್ಸೆಲೋನ ನಗರದಲ್ಲಿ. ಕ್ಯೂಬ, ಪೋರ್ಟೊರಿಕೊ, ಫಿಲಿಪ್ಪೀನ್ಸ್ ದ್ವೀಪಗಳು ಸ್ಪೇನಿನ ಕೈಬಿಟ್ಟು ಆಗ ಮೂರು ವರ್ಷಗಳೂ ತುಂಬಿರಲಿಲ್ಲ. ಸಾಮ್ರಾಜ್ಯವನ್ನು ಕಳೆದುಕೊಂಡ ದೇಶವು ತನ್ನ ಹಿರಿಮೆಗೆ ಹೊಸ ಗುರುತುಗಳನ್ನು ಹುಡುಕುತ್ತಿದ್ದ ಕಾಲವದು. ಕಾಲ್ಚೆಂಡಾಟವು ಆಂಗ್ಲರ ವ್ಯಾಪಾರ, ಗಣಿ, ಬಂದರುಗಳ ಮೂಲಕ ಸ್ಪೇನಿಗೆ ಬಂದು ನಗರಗಳಲ್ಲಿ ಬೇರೂರತೊಡಗಿತ್ತು. ಗೋಲುರಕ್ಷಕನ ಕೆಲಸವೂ ಆ ದಿನಗಳಲ್ಲಿಯೇ ಹೊಸ ರೂಪ ಪಡೆಯುತ್ತಿತ್ತು. ೧೯೧೨ರವರೆಗೆ ಗೋಲುರಕ್ಷಕನು ತನ್ನ ಅರ್ಧ ಮೈದಾನದಲ್ಲಿ ಎಲ್ಲಿ ಬೇಕಾದರೂ ಚೆಂಡನ್ನು ಕೈಯಿಂದ ಮುಟ್ಟಬಹುದಾಗಿತ್ತು. ಆ ವರ್ಷದ ನಿಯಮವು ಆ ಹಕ್ಕನ್ನು ಗೋಲಿನ ಮುಂದಿನ ದಂಡಾವರಣಕ್ಕೆ ಸೀಮಿತಗೊಳಿಸಿತು. ಹೀಗೆ ಕಿರಿದಾದ ಕ್ಷೇತ್ರದೊಳಗೆ ಮುನ್ನುಗ್ಗುವ ಧೈರ್ಯ, ಕೋನವನ್ನರಿತು ನಿಲ್ಲುವ ವಿವೇಕ ಇವುಗಳೇ ಗೋಲುರಕ್ಷಕನ ಗುಣಗಳೆನಿಸಿದವು. ಝಮೋರಾ ಈ ಹೊಸ ಪೀಳಿಗೆಯವನು.

ಹದಿಹರೆಯದಲ್ಲಿಯೇ ಇವನು ಬಾರ್ಸೆಲೋನದ ಎಸ್ಪನ್ಯೋಲ್ ತಂಡವನ್ನು ಸೇರಿದನು. ೧೯೧೯ರಲ್ಲಿ ಅದೇ ನಗರದ ಪ್ರತಿಸ್ಪರ್ಧಿ ತಂಡವಾದ ಎಫ್. ಸಿ. ಬಾರ್ಸೆಲೋನಕ್ಕೆ ಹೋದನು, ೧೯೨೨ರಲ್ಲಿ ಮರಳಿ ಎಸ್ಪನ್ಯೋಲಿಗೆ ಬಂದನು. ಈ ಓಡಾಟವನ್ನು ಬರಿಯ ಆಟದ ವ್ಯವಹಾರವೆಂದು ಕಾಣುವಂತಿಲ್ಲ. ಎಫ್. ಸಿ. ಬಾರ್ಸೆಲೋನವು ಕ್ಯಾಟಲನ್ ಅಭಿಮಾನದ ಸಂಕೇತವಾಗಿ ಬೆಳೆಯುತ್ತಿತ್ತು. ಎಸ್ಪನ್ಯೋಲ್ ಎಂಬುದು ಹೆಸರಿನಲ್ಲಿಯೇ ‘ಸ್ಪ್ಯಾನಿಷ್’. ಪ್ರೀಮೊ ದೆ ರಿವೇರಾನ ಸರ್ವಾಧಿಕಾರದ ಕಾಲದಲ್ಲಿ, ೧೯೨೫ರಲ್ಲಿ, ಬಾರ್ಸೆಲೋನದ ಪ್ರೇಕ್ಷಕರು ಸ್ಪೇನಿನ ರಾಜಗೀತೆಯನ್ನು ಹೀಯಾಳಿಸಿದರೆಂದು ಆ ತಂಡದ ಮೈದಾನವನ್ನೇ ಆರು ತಿಂಗಳು ಮುಚ್ಚಿಸಲಾಯಿತು. ಎರಡು ನಿಷ್ಠೆಗಳು ಮೈದಾನದಲ್ಲಿ ಮುಖಾಮುಖಿಯಾಗಿದ್ದ ನಗರದಲ್ಲಿ ಝಮೋರಾ ಎರಡು ತಂಡಗಳಿಗೂ ಆಡಿದನು, ಕ್ಯಾಟಲೋನಿಯದ ಪ್ರಾಂತೀಯ ತಂಡಕ್ಕೂ ಆಡಿದನು, ಸ್ಪೇನಿಗೂ ಆಡಿದನು. ಮುಂದಿನ ಕಥೆಯ ಬೀಜ ಇಲ್ಲಿಯೇ ಇದೆ.

೧೯೨೦ರ ಆಗಸ್ಟ್ ೨೮ರಂದು, ಆಂಟ್ವರ್ಪ್ ಒಲಿಂಪಿಕ್ ಕೂಟದ ಅಂಗವಾಗಿ, ಸ್ಪೇನಿನ ರಾಷ್ಟ್ರೀಯ ತಂಡವು ತನ್ನ ಮೊಟ್ಟಮೊದಲ ಪಂದ್ಯವನ್ನು ಡೆನ್ಮಾರ್ಕಿನೆದುರು ಆಡಿ ೧–೦ ಗೋಲಿನಿಂದ ಗೆದ್ದಿತು. ಅಂದು ಗೋಲಿನಲ್ಲಿ ನಿಂತವನು ಹತ್ತೊಂಬತ್ತು ವರ್ಷದ ಝಮೋರಾ. ಆ ಕೂಟದಲ್ಲಿ ಸ್ಪೇನಿಗೆ ಬೆಳ್ಳಿಯ ಪದಕ ದೊರೆಯಿತು. ಯುವಕನ ಕೋಪವೂ ಅಲ್ಲಿ ಪ್ರಕಟವಾಯಿತೆಂಬುದನ್ನು ಮರೆಮಾಚಬೇಕಾಗಿಲ್ಲ: ಇಟಲಿಯೊಡನೆ ನಡೆದ ಪಂದ್ಯದಲ್ಲಿ ಎದುರಾಳಿಯನ್ನು ಹೊಡೆದನೆಂದು ಇವನನ್ನು ಮೈದಾನದಿಂದ ಹೊರಗೆ ಕಳುಹಿಸಲಾಯಿತು. ಅಲ್ಲಿಂದ ೧೯೩೬ರವರೆಗೆ ಇವನು ಸ್ಪೇನಿನ ಪರವಾಗಿ ೪೬ ಪಂದ್ಯಗಳನ್ನಾಡಿದನು. ೧೯೭೦ರ ದಶಕದಲ್ಲಿ ಹೋಸೆ ಆಂಖೆಲ್ ಇರಿಬಾರ್ ಎಂಬ ಮತ್ತೊಬ್ಬ ಗೋಲುರಕ್ಷಕನು ಮೀರಿಸುವವರೆಗೆ ಸ್ಪೇನಿನ ಗೋಲುರಕ್ಷಕರಲ್ಲಿ ಈ ಸಂಖ್ಯೆಯೇ ಮೇಲಾಗಿ ಉಳಿಯಿತು.

ವೃತ್ತಿನಿರತ ಕಾಲ್ಚೆಂಡಾಟವನ್ನು ಸ್ಪೇನಿನಲ್ಲಿ ೧೯೨೬ರಲ್ಲಿ ಅಧಿಕೃತವಾಗಿ ಒಪ್ಪಲಾಯಿತು. ೧೯೨೯ರಲ್ಲಿ ರಾಷ್ಟ್ರೀಯ ಲೀಗ್ ಪಂದ್ಯಾವಳಿ ಆರಂಭವಾಯಿತು. ಅದೇ ವರ್ಷ ಮೇ ೧೫ರಂದು ಮ್ಯಾಡ್ರಿಡ್ಡಿನಲ್ಲಿ ಸ್ಪೇನು ಇಂಗ್ಲೆಂಡನ್ನು ೪–೩ ಗೋಲುಗಳಿಂದ ಸೋಲಿಸಿತು. ಯೂರೋಪು ಖಂಡದ ತಂಡವೊಂದಕ್ಕೆ ಇಂಗ್ಲೆಂಡು ಸೋತದ್ದು ಅದೇ ಮೊದಲು. ಎರಡು ವರ್ಷಗಳ ಅನಂತರ, ೧೯೩೧ರ ಡಿಸೆಂಬರಿನಲ್ಲಿ, ಲಂಡನ್ನಿನ ಹೈಬರಿ ಮೈದಾನದಲ್ಲಿ ಇಂಗ್ಲೆಂಡು ೭–೧ ಗೋಲುಗಳಿಂದ ಸೇಡು ತೀರಿಸಿಕೊಂಡಿತು. ಅಂದು ಝಮೋರಾ ತೀರ ಸಾಮಾನ್ಯನಂತೆ ಕಂಡನು. ಆದರೆ ಆ ಒಂದು ಸೋಲು ಸ್ವದೇಶದಲ್ಲಿ ಇವನ ಕೀರ್ತಿಯನ್ನು ಕುಗ್ಗಿಸಲಿಲ್ಲ. ಎತ್ತರದ ಕೊರಳಪಟ್ಟಿಯ ಉಣ್ಣೆಯಂಗಿ, ತಲೆಯ ಮೇಲೊಂದು ಚಪ್ಪಟೆ ಟೋಪಿ; ಇದು ಇವನ ವೇಷ. ಚೆಂಡನ್ನು ಮೊಣಕೈಯಿಂದಲೂ ಮುಂದೋಳಿನಿಂದಲೂ ದೂರಕ್ಕಟ್ಟುವ ಇವನ ವಿಶಿಷ್ಟ ವರಸೆಗೆ ಜನರು ಇವನ ಹೆಸರಿನಿಂದಲೇ ‘ಝಮೋರಾನ’ ಎಂದರು. ಇವನನ್ನು ‘ದಿವ್ಯನು’ ಎಂದು ಕರೆದರು. ೧೯೨೭ರಷ್ಟು ಹಿಂದೆಯೇ ಇವನ ಹೆಸರನ್ನಿಟ್ಟ ಚಲನಚಿತ್ರವೊಂದರಲ್ಲಿ ಇವನು ನಟಿಸಿದ್ದನು. ಚಲನಚಿತ್ರ, ರೇಡಿಯೋ, ವೃತ್ತಪತ್ರಿಕೆ ಈ ಮೂರೂ ಸೇರಿ ಆಟಗಾರನೊಬ್ಬನನ್ನು ಮನೆಮಾತಾಗಿಸಬಲ್ಲ ಕಾಲ ಸ್ಪೇನಿಗೆ ಬಂದಿತ್ತು. ಹೀಗೆ ಮನೆಮಾತಾದ ಹೆಸರು ಆಳುವವರಿಗೆ ಉಪಯುಕ್ತವಾದ ವಸ್ತುವೂ ಆಗುತ್ತದೆ.

೩

೧೯೩೦ರಲ್ಲಿ ಝಮೋರಾ ರಿಯಲ್ ಮ್ಯಾಡ್ರಿಡ್ ತಂಡಕ್ಕೆ ಹೋದನು. ಈ ವ್ಯವಹಾರದ ಒಟ್ಟು ಮೊತ್ತ ಒಂದೂವರೆ ಲಕ್ಷ ಪೆಸೆಟಾ ಎಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಅಂದಿನ ಸ್ಪೇನಿನಲ್ಲಿ ಇದು ಬೆರಗುಗೊಳಿಸಿದ ಹಣ. ಮರುವರ್ಷ ಏಪ್ರಿಲ್ ೧೪ರಂದು ದೊರೆ ಹದಿಮೂರನೆಯ ಆಲ್ಫಾನ್ಸೋ ದೇಶವನ್ನು ಬಿಟ್ಟುಹೋದನು, ಗಣರಾಜ್ಯ ಘೋಷಿತವಾಯಿತು. ‘ರಾಜಕೀಯ’ ಎಂಬರ್ಥದ ‘ರಿಯಲ್’ ಎಂಬ ಬಿರುದನ್ನೂ ಲಾಂಛನದ ಮೇಲಿನ ಕಿರೀಟವನ್ನೂ ತಂಡವು ಕಳಚಿಡಬೇಕಾಯಿತು, ಮ್ಯಾಡ್ರಿಡ್ ಎಫ್. ಸಿ. ಎಂಬ ಹೆಸರಿನಿಂದ ಅದು ಆಡತೊಡಗಿತು. ಕಿರೀಟ ಹೋದ ಮೇಲೆಯೇ ತಂಡಕ್ಕೆ ಮೊದಲ ಲೀಗ್ ಗೆಲುವು ಬಂದುದೊಂದು ಸೋಜಿಗ. ೧೯೩೧–೩೨ರ ಪಂದ್ಯಾವಳಿಯಲ್ಲಿ ಅದು ಒಂದು ಪಂದ್ಯವನ್ನೂ ಸೋಲಲಿಲ್ಲ. ೧೮ ಪಂದ್ಯಗಳಲ್ಲಿ ಎದುರಾಳಿಗಳಿಗೆ ಬಿಟ್ಟುಕೊಟ್ಟದ್ದು ೧೫ ಗೋಲುಗಳನ್ನು ಮಾತ್ರ. ಮರುವರ್ಷವೂ ಅದೇ ತಂಡ ಲೀಗ್ ಗೆದ್ದಿತು.

ಗಣರಾಜ್ಯದ ಮೊದಲ ಅಧ್ಯಕ್ಷನ ಹೆಸರು ನೀಸೆತೊ ಅಲ್ಕಲಾ-ಝಮೋರಾ. ಗೋಲುರಕ್ಷಕನಿಗೂ ಇವನಿಗೂ ನಂಟಿಲ್ಲ. ಹೆಸರಿನ ಹೋಲಿಕೆ ಅಷ್ಟೆ. ಸ್ಪೇನಿನಲ್ಲಿ ಝಮೋರಾ ಅಧ್ಯಕ್ಷನಾದನೆಂಬ ಸುದ್ದಿ ಕೇಳಿ ಸ್ಟಾಲಿನ್ನನು ‘ಆ ಗೋಲುರಕ್ಷಕನೇ?’ ಎಂದನೆಂಬ ವಿನೋದದ ಕಥೆಯೊಂದು ಬಳಕೆಯಲ್ಲಿದೆ. ಇದನ್ನು ನಡೆದ ಸಂಗತಿಯೆಂದು ನಂಬಲು ಆಧಾರವಿಲ್ಲ. ಆದರೆ ಇಂತಹ ಕಥೆ ಹುಟ್ಟಿತೆಂಬುದೇ ಒಂದು ಸಾಕ್ಷ್ಯ. ಅಧ್ಯಕ್ಷನಿಗಿಂತ ಗೋಲುರಕ್ಷಕನೇ ಹೆಚ್ಚು ಪ್ರಸಿದ್ಧನೆಂದು ಜನರು ನಗುತ್ತ ನಂಬಿದ್ದರು.

೧೯೩೪ರಲ್ಲಿ ವಿಶ್ವಕಪ್ ಪಂದ್ಯಾವಳಿ ಮುಸ್ಸೊಲಿನಿಯ ಇಟಲಿಯಲ್ಲಿ ನಡೆಯಿತು. ಜಿನೋವಾದಲ್ಲಿ ಸ್ಪೇನು ಬ್ರೆಜಿಲ್ಲನ್ನು ೩–೧ರಿಂದ ಸೋಲಿಸಿತು. ಅಂದು ವಾಲ್ಡೆಮಾರ್ ದೆ ಬ್ರಿಟೊ ಒದ್ದ ಪೆನಾಲ್ಟಿಯನ್ನು ಝಮೋರಾ ತಡೆದನು. ಮೇ ೩೧ರಂದು ಫ್ಲಾರೆನ್ಸಿನಲ್ಲಿ ಎದುರಾದದ್ದು ಇಟಲಿಯೇ. ಪಂದ್ಯ ೧–೧ರಲ್ಲಿ ಸಮವಾಯಿತು. ಇಟಲಿಯ ಗೋಲು ಬಂದ ಗಳಿಗೆಯಲ್ಲಿ ಝಮೋರಾನನ್ನು ಅಡ್ಡಗಟ್ಟಲಾಗಿತ್ತೆಂದು ಸ್ಪೇನಿನವರು ಆಕ್ಷೇಪಿಸಿದರು. ಪೆಟ್ಟು ತಿಂದಿದ್ದ ಇವನು ಮರುದಿನವೇ ನಡೆದ ಮರುಪಂದ್ಯದಲ್ಲಿ ಆಡಲಾಗಲಿಲ್ಲ. ಸ್ಪೇನು ೦–೧ರಿಂದ ಸೋತಿತು. ಮರುಪಂದ್ಯದ ತೀರ್ಪುಗಾರನಾದ ಸ್ವಿಟ್ಜರ್ಲೆಂಡಿನ ರೆನೆ ಮೆರ್ಸೆಯನ್ನು ಆಮೇಲೆ ಅವನ ದೇಶದ ಸಂಸ್ಥೆಯೇ ಅಮಾನತಿನಲ್ಲಿಟ್ಟಿತು. ಸರ್ವಾಧಿಕಾರಿಯ ನೆಲದಲ್ಲಿ ಅನ್ಯಾಯಕ್ಕೊಳಗಾಗಿ ಬಂದ ತಂಡವೆಂದು ಸ್ವದೇಶದಲ್ಲಿ ಆಟಗಾರರಿಗೆ ಆದರ ದೊರೆಯಿತು. ಅದೇ ವರ್ಷ ಗಣರಾಜ್ಯವು ಝಮೋರಾನಿಗೆ ಗೌರವಪದವಿಯನ್ನಿತ್ತಿತು. ಗಣರಾಜ್ಯಕ್ಕೆ ಮೂರೇ ವರ್ಷದ ವಯಸ್ಸು. ಎಲ್ಲ ಪ್ರಾಂತಗಳೂ ಎಲ್ಲ ವರ್ಗಗಳೂ ಒಪ್ಪುವ ಮುಖಗಳು ಅದಕ್ಕೆ ವಿರಳವಾಗಿದ್ದವು. ಬಾರ್ಸೆಲೋನದಲ್ಲಿ ಹುಟ್ಟಿ ಮ್ಯಾಡ್ರಿಡ್ಡಿನಲ್ಲಿ ಆಡುತ್ತಿದ್ದ ಈ ವ್ಯಕ್ತಿಯಲ್ಲಿ ಅದಕ್ಕೆ ಅಂತಹ ಮುಖವೊಂದು ದೊರೆಯಿತು.

೧೯೩೬ರ ಜೂನ್ ೨೧ರಂದು ವಲೆನ್ಸಿಯದಲ್ಲಿ ಗಣರಾಜ್ಯದ ಅಧ್ಯಕ್ಷನ ಹೆಸರಿನ ಕಪ್ಪಿಗಾಗಿ ಅಂತಿಮ ಪಂದ್ಯ ನಡೆಯಿತು. ಎದುರಾದವರು ಮ್ಯಾಡ್ರಿಡ್ಡಿನವರೂ ಬಾರ್ಸೆಲೋನದವರೂ. ಹತ್ತೇ ಮಂದಿ ಉಳಿದಿದ್ದ ಮ್ಯಾಡ್ರಿಡ್ ತಂಡವು ೨–೧ರ ಮುನ್ನಡೆಯನ್ನು ಕಾಪಾಡಿಕೊಳ್ಳುತ್ತಿತ್ತು. ಪಂದ್ಯ ಮುಗಿಯುವ ಹೊತ್ತಿಗೆ ಬಾರ್ಸೆಲೋನದ ಎಸ್ಕೊಲಾ ಗೋಲಿನ ಮೂಲೆಗೆ ಬಲವಾಗಿ ಒದ್ದನು. ಝಮೋರಾ ನೆಲಕ್ಕೆ ಬಿದ್ದನು. ಧೂಳೆದ್ದು ಗೋಲು ಮರೆಯಾಯಿತು. ಧೂಳು ಇಳಿದಾಗ ಚೆಂಡು ಅವನ ಕೈಯಲ್ಲಿತ್ತು. ಸ್ಪೇನಿನಲ್ಲಿ ಇದು ಝಮೋರಾ ಆಡಿದ ಕೊನೆಯ ದೊಡ್ಡ ಪಂದ್ಯ. ನಾಲ್ಕು ವಾರಗಳೂ ಕಳೆಯಲಿಲ್ಲ. ಜುಲೈ ೧೭ ಮತ್ತು ೧೮ರಂದು ಸೇನಾನಿಗಳ ದಂಗೆ ಸಿಡಿಯಿತು. ಈ ಸಲ ಎದ್ದ ಧೂಳು ಮೂರು ವರ್ಷಗಳವರೆಗೆ ಇಳಿಯಲಿಲ್ಲ.

೪

ಯುದ್ಧದ ಮೊದಲ ವಾರಗಳಲ್ಲಿ ಝಮೋರಾ ಗಣರಾಜ್ಯದ ಕೈಯಲ್ಲಿದ್ದ ಮ್ಯಾಡ್ರಿಡ್ಡಿನಲ್ಲಿದ್ದನು. ಇವನು ‘ಯಾ’ ಎಂಬ ಕ್ಯಾಥೊಲಿಕ್ ಪತ್ರಿಕೆಗೆ ಕ್ರೀಡಾಲೇಖನಗಳನ್ನು ಬರೆಯುತ್ತಿದ್ದನು. ಸಂಶಯವೇ ಸಾಕ್ಷಿಯಾಗಿದ್ದ ಆ ದಿನಗಳಲ್ಲಿ ಇಷ್ಟೇ ಸಾಕಾಗಿತ್ತು. ಇವನನ್ನು ಹಿಡಿದು ಮೊದೆಲೊ ಸೆರೆಮನೆಗೆ ಹಾಕಲಾಯಿತು. ಎರಡು ವರ್ಷಗಳ ಹಿಂದೆ ಇವನನ್ನು ಸನ್ಮಾನಿಸಿದ್ದ ಗಣರಾಜ್ಯದ ರಾಜಧಾನಿಯಲ್ಲಿಯೇ ಇದು ನಡೆದದ್ದು. ಆ ಸೆರೆಮನೆ ಎಂತಹ ಸ್ಥಳವಾಗಿತ್ತೆಂಬುದನ್ನು ನೆನೆಯಬೇಕು: ೧೯೩೬ರ ಆಗಸ್ಟಿನಲ್ಲಿ ಅಲ್ಲಿ ಬೆಂಕಿ ಬಿದ್ದಾಗ ಹಲವು ಕೈದಿಗಳನ್ನು ಕೊಲ್ಲಲಾಯಿತು, ನವೆಂಬರಿನಲ್ಲಿ ಅಲ್ಲಿಂದಲೂ ಬೇರೆ ಸೆರೆಮನೆಗಳಿಂದಲೂ ಕೈದಿಗಳನ್ನು ಸಾಗಿಸಿ ಪಾರಾಕ್ವೆಯೋಸ್ ಎಂಬಲ್ಲಿ ಸಾಮೂಹಿಕವಾಗಿ ಗುಂಡಿಟ್ಟು ಕೊಲ್ಲಲಾಯಿತು.

ಅತ್ತ ದಂಗೆಯೆದ್ದವರ ಪಕ್ಷದ ಪತ್ರಿಕೆಗಳೂ ರೇಡಿಯೋ ನಿಲಯಗಳೂ ಝಮೋರಾನನ್ನು ‘ಕೆಂಪು ಜನರು’ ಕೊಂದರೆಂದು ಸಾರಿದವು. ಇವನ ಆತ್ಮಶಾಂತಿಗಾಗಿ ಚರ್ಚುಗಳಲ್ಲಿ ಪೂಜೆಗಳು ನಡೆದವು. ಹೊರದೇಶದ ಪತ್ರಿಕೆಗಳೂ ಇದನ್ನು ನಂಬಿ ಅಚ್ಚುಹಾಕಿದವು. ಬದುಕಿದ್ದವನನ್ನು ಸತ್ತನೆಂದು ಹೇಳಿದ್ದು ಯುದ್ಧಕಾಲದ ಗೊಂದಲದ ಫಲವೂ ಇದ್ದೀತು. ಆದರೆ ಅದರಿಂದ ಆ ಪಕ್ಷಕ್ಕಾದ ಪ್ರಯೋಜನ ಸ್ಪಷ್ಟ. ಇಡೀ ದೇಶ ಪ್ರೀತಿಸುತ್ತಿದ್ದವನನ್ನು ಕೊಂದ ಸರ್ಕಾರವೆಂಬ ಕಳಂಕ ಗಣರಾಜ್ಯಕ್ಕೆ ತಗುಲಿತು. ಹುತಾತ್ಮನಾಗಿ ಝಮೋರಾ ಒಂದು ಪಕ್ಷಕ್ಕೆ ಬೇಕಾಗಿದ್ದನು. ಜೀವಂತನಾಗಿ ಅವನು ಎಲ್ಲಿದ್ದಾನೆಂದು ಹುಡುಕುವ ಆತುರ ಆ ಪಕ್ಷಕ್ಕಿರಲಿಲ್ಲ.

ಇದೇ ಕಾಲದ ಇನ್ನೊಂದು ಸಾವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ೧೯೩೬ರ ಆಗಸ್ಟಿನಲ್ಲಿ ಎಫ್. ಸಿ. ಬಾರ್ಸೆಲೋನದ ಅಧ್ಯಕ್ಷನೂ ಗಣರಾಜ್ಯಪಕ್ಷದ ಶಾಸನಸಭಾ ಸದಸ್ಯನೂ ಆಗಿದ್ದ ಜೋಸೆಪ್ ಸುನ್ಯೋಲ್ ಗ್ವಾದರ್ರಾಮ ಬೆಟ್ಟಗಳಲ್ಲಿ ಫ್ರಾಂಕೊ ಪಕ್ಷದ ಸೈನಿಕರ ಕೈಗೆ ಸಿಕ್ಕಿ ಗುಂಡಿಗೆ ಬಲಿಯಾದನು. ಇದು ನಿಜವಾದ ಸಾವು. ಆದರೂ ಫ್ರಾಂಕೊನ ಆಳ್ವಿಕೆಯುದ್ದಕ್ಕೂ ಸ್ಪೇನಿನಲ್ಲಿ ಇದರ ಮಾತೆತ್ತುವವರಿರಲಿಲ್ಲ. ನಡೆಯದ ಸಾವಿಗೆ ಪೂಜೆ, ನಡೆದ ಸಾವಿಗೆ ಮೌನ. ಅಂತರ್ಯುದ್ಧದ ಸಾಕ್ಷ್ಯಗಳನ್ನು ಓದುವ ವಿದ್ಯಾರ್ಥಿಗೆ ಇದಕ್ಕಿಂತ ಹೆಚ್ಚಿನ ಎಚ್ಚರಿಕೆ ಬೇಕಾಗಿಲ್ಲ.

ಝಮೋರಾ ಸೆರೆಮನೆಯಿಂದ ಬದುಕಿ ಹೊರಬಂದನು. ಈ ಬಿಡುಗಡೆಯ ಸಂದರ್ಭದಲ್ಲಿ ಪೇದ್ರೊ ಲೂಯಿಸ್ ದೆ ಗಾಲ್ವೆಜ್ ಎಂಬ ಕವಿಯ ಹೆಸರು ಕೇಳಿಬರುತ್ತದೆ. ಇವನು ಬಡತನದಲ್ಲಿ ಅಲೆದಾಡಿದ ವಿಲಕ್ಷಣ ಕವಿ. ಯುದ್ಧ ಹತ್ತಿದಾಗ ಅರಾಜಕತಾವಾದಿಗಳ ಪಡೆಗಳೊಡನೆ ಕಾಣಿಸಿಕೊಂಡವನು. ಗುಂಪಿನ ಮುಂದೆ ನಿಂತು ಝಮೋರಾ ತನ್ನ ಗೆಳೆಯನೆಂದೂ ಅವನನ್ನು ಯಾರೂ ಮುಟ್ಟಕೂಡದೆಂದೂ ಇವನು ಸಾರಿದನೆಂದು ಆ ಕಾಲದವರ ನೆನಪುಗಳು ಹೇಳುತ್ತವೆ. ಬಳಿಕ ಝಮೋರಾ ಅರ್ಜೆಂಟೀನದ ರಾಯಭಾರ ಕಚೇರಿಯ ಆಶ್ರಯ ಪಡೆದು, ಆ ದೇಶದ ಟುಕುಮಾನ್ ಎಂಬ ನೌಕೆಯ ಮೂಲಕ ಸ್ಪೇನನ್ನು ಬಿಟ್ಟು ಫ್ರಾನ್ಸಿಗೆ ಹೋದನು. ಅಲ್ಲಿ ನೀಸ್ ನಗರದ ತಂಡವನ್ನು ಸೇರಿದನು. ಬಾರ್ಸೆಲೋನದ ದಿನಗಳಿಂದ ಇವನ ಒಡನಾಡಿಯಾಗಿದ್ದ ಜೋಸೆಪ್ ಸಮಿತಿಯೆರನೂ ಅಲ್ಲಿಗೇ ಬಂದನು. ನೀಸಿನಲ್ಲಿ ಝಮೋರಾ ಗೋಲುರಕ್ಷಕನಾಗಿ ಆಟವನ್ನು ಮುಗಿಸಿ, ಆಟ ಕಲಿಸುವ ಕೆಲಸವನ್ನು ಆರಂಭಿಸಿದನು.

೧೯೩೮ರ ಡಿಸೆಂಬರಿನಲ್ಲಿ ಫ್ರಾಂಕೊ ಪಕ್ಷದ ಕೈಯಲ್ಲಿದ್ದ ಸಾನ್ ಸೆಬಾಸ್ಟಿಯನ್ ನಗರದಲ್ಲಿ ಆ ಪಕ್ಷದ ಸೈನಿಕರ ಸಹಾಯಾರ್ಥವಾಗಿ ನಡೆದ ಪಂದ್ಯದಲ್ಲಿ ಇವನು ಕಾಣಿಸಿಕೊಂಡನು. ಗೆಲ್ಲುವವರು ಯಾರೆಂಬುದು ಆ ವೇಳೆಗೆ ಖಚಿತವಾಗಿತ್ತು. ಅದೇ ತಿಂಗಳು ಅದೇ ನಗರದಲ್ಲಿ ‘ಮಾರ್ಕಾ’ ಎಂಬ ಕ್ರೀಡಾಪತ್ರಿಕೆ ಹುಟ್ಟಿತು. ಝಮೋರಾನ ಹೆಸರನ್ನು ಮುಂದೆ ಶಾಶ್ವತಗೊಳಿಸಿದ್ದು ಇದೇ ಪತ್ರಿಕೆ. ಈ ಮರಳುವಿಕೆಯನ್ನು ಕೆಲವರು ಅವಕಾಶವಾದವೆನ್ನಬಹುದು. ಗಣರಾಜ್ಯದ ಸೆರೆಮನೆಯನ್ನು ಕಂಡುಬಂದವನಿಗೆ, ಹೆಂಡತಿಮಕ್ಕಳೊಡನೆ ಹುಟ್ಟಿದ ನೆಲಕ್ಕೆ ಮರಳಬೇಕೆಂದಿದ್ದವನಿಗೆ, ಬೇರೆ ಬಾಗಿಲು ಯಾವುದಿತ್ತು ಎಂಬುದನ್ನೂ ಅವರು ಹೇಳಬೇಕಾಗುತ್ತದೆ.

೫

ಯುದ್ಧ ಮುಗಿದದ್ದು ೧೯೩೯ರ ಏಪ್ರಿಲ್ ೧ರಂದು. ಮ್ಯಾಡ್ರಿಡ್ಡಿನ ಎರಡನೆಯ ತಂಡವಾಗಿದ್ದ ಅಥ್ಲೆಟಿಕ್ ಯುದ್ಧಕ್ಕೆ ಮೊದಲೇ, ೧೯೩೬ರಲ್ಲಿ, ಮೊದಲ ದರ್ಜೆಯಿಂದ ಕೆಳಗಿಳಿಯುವ ಸ್ಥಾನಕ್ಕೆ ಕುಸಿದಿತ್ತು. ಯುದ್ಧದಲ್ಲಿ ಆಟಗಾರರನ್ನೂ ಹಣವನ್ನೂ ಕಳೆದುಕೊಂಡು ಬಡವಾಗಿತ್ತು. ಫ್ರಾಂಕೊನ ವಾಯುಪಡೆಯ ಜನರು ಯುದ್ಧದ ನಡುವೆ ಕಟ್ಟಿದ್ದ ತಂಡವೊಂದಿತ್ತು. ಅದಕ್ಕೆ ಆಟಗಾರರಿದ್ದರು, ಮೇಲಣ ದರ್ಜೆಯಲ್ಲಿ ಸ್ಥಾನವಿರಲಿಲ್ಲ. ೧೯೩೯ರ ಅಕ್ಟೋಬರಿನಲ್ಲಿ ಎರಡೂ ಒಂದಾಗಿ ‘ಅಥ್ಲೆಟಿಕ್ ಅವಿಯಾಸಿಯೋನ್’ ಎಂಬ ತಂಡವಾಯಿತು. ಪರಭಾಷೆಯ ಹೆಸರುಗಳನ್ನು ಫ್ರಾಂಕೊ ಸರ್ಕಾರ ನಿಷೇಧಿಸಿದ ಮೇಲೆ, ೧೯೪೧ರಲ್ಲಿ, ಇದು ‘ಅಟ್ಲೆಟಿಕೊ ಅವಿಯಾಸಿಯೋನ್’ ಆಯಿತು. ಈ ತಂಡದ ತರಬೇತುದಾರನಾಗಿ ಬಂದವನು ಝಮೋರಾ.

ಒವಿಯೆದೊ ನಗರದ ಮೈದಾನ ಯುದ್ಧದಲ್ಲಿ ಹಾಳಾಗಿದ್ದುದರಿಂದ ಆ ತಂಡವು ಒಂದು ವರ್ಷ ಆಡಲಾಗದೆ ಉಳಿಯಿತು. ತೆರವಾದ ಸ್ಥಾನಕ್ಕಾಗಿ ಅವಿಯಾಸಿಯೋನ್ ಮತ್ತು ಒಸಸೂನಾ ತಂಡಗಳ ನಡುವೆ ೧೯೩೯ರ ನವೆಂಬರಿನಲ್ಲಿ ಪಂದ್ಯವೇರ್ಪಟ್ಟಿತು. ಅವಿಯಾಸಿಯೋನ್ ೩–೧ರಿಂದ ಗೆದ್ದು ಮೊದಲ ದರ್ಜೆಯನ್ನು ಪ್ರವೇಶಿಸಿತು. ಹೀಗೆ ಹಿಂಬಾಗಿಲಿನಿಂದ ಬಂದ ತಂಡವು ೧೯೪೦ರ ಏಪ್ರಿಲಿನಲ್ಲಿ, ಸೆವಿಲ್ ತಂಡಕ್ಕಿಂತ ಒಂದೇ ಅಂಕ ಹೆಚ್ಚಾಗಿ ಗಳಿಸಿ, ಲೀಗನ್ನೇ ಗೆದ್ದಿತು. ಆ ತಂಡದ ಇತಿಹಾಸದಲ್ಲಿ ಇದು ಮೊದಲ ಲೀಗ್ ವಿಜಯ. ಮರುವರ್ಷ, ಪ್ರೂದೆನ್ ಎಂಬ ಮುನ್ನಡೆ ಆಟಗಾರನ ಗೋಲುಗಳ ಬಲದಿಂದ, ಅದು ಮತ್ತೆ ಗೆದ್ದಿತು.

ಈ ಗೆಲುವುಗಳ ಕಾರಣಗಳನ್ನು ಬಿಡಿಸಿ ನೋಡಬೇಕು. ಮೊದಲನೆಯದು, ವಾಯುಪಡೆಯ ಆಸರೆ. ಅನ್ನಕ್ಕೂ ಇಂಧನಕ್ಕೂ ಬರವಿದ್ದ ಆ ವರ್ಷಗಳಲ್ಲಿ ವಾಹನಸೌಕರ್ಯ ಪಡೆದ ತಂಡಕ್ಕೆ ದೂರದ ಪ್ರಯಾಣ ಹಗುರವಾಗಿತ್ತು. ಸೈನಿಕ ಸೇವೆಯಲ್ಲಿದ್ದ ತರುಣ ಆಟಗಾರರನ್ನು ಸೇರಿಸಿಕೊಳ್ಳುವುದೂ ಸುಲಭವಾಗಿತ್ತು. ಎರಡನೆಯದು, ಪ್ರತಿಸ್ಪರ್ಧಿಗಳ ದುರ್ದಶೆ. ಬಾರ್ಸೆಲೋನದ ಆಟಗಾರರಲ್ಲಿ ಹಲವರು ೧೯೩೭ರ ಮೆಕ್ಸಿಕೊ ಮತ್ತು ಅಮೆರಿಕ ಪ್ರವಾಸಕ್ಕೆ ಹೋದವರು ಸ್ವದೇಶಕ್ಕೆ ಮರಳಲಿಲ್ಲ. ಬಾಸ್ಕ್ ನಾಡಿನ ಪ್ರಮುಖ ಆಟಗಾರರೂ ಹೀಗೆಯೇ ವಿದೇಶಗಳಲ್ಲಿ ಉಳಿದರು. ಝಮೋರಾನ ಹಿಂದಿನ ಮ್ಯಾಡ್ರಿಡ್ ತಂಡವು ಯುದ್ಧದಿಂದ ಚದುರಿಹೋಗಿತ್ತು. ಈ ಎರಡು ಕಾರಣಗಳೇ ಸಾಕು, ತರಬೇತುದಾರನ ಪಾತ್ರ ನೆಪಮಾತ್ರದ್ದು ಎಂದು ವಾದಿಸುವುದು ಸಾಧ್ಯ.

ಆದರೆ ಈ ವಾದವನ್ನು ಒರೆಗೆ ಹಚ್ಚಲು ನಮಗೊಂದು ಸಾಧನವಿದೆ. ಅದು ಝಮೋರಾನ ಮುಂದಿನ ವೃತ್ತಿಜೀವನವೇ. ಪ್ರತಿಸ್ಪರ್ಧಿಗಳು ಚೇತರಿಸಿಕೊಂಡ ಮೇಲೆಯೂ, ೧೯೪೩–೪೪ರಲ್ಲಿ, ಅವಿಯಾಸಿಯೋನ್ ಎರಡನೆಯ ಸ್ಥಾನ ಪಡೆಯಿತು. ೧೯೪೬ರಲ್ಲಿ ಇವನು ಆ ತಂಡವನ್ನು ಬಿಟ್ಟು, ಸ್ಪೇನಿನ ವಾಯವ್ಯ ಮೂಲೆಯಾದ ಗಲೀಸಿಯ ಪ್ರಾಂತದ ವೀಗೊ ಬಂದರಿನ ಸೆಲ್ತಾ ತಂಡಕ್ಕೆ ಹೋದನು. ಅಲ್ಲಿ ವಾಯುಪಡೆಯಿಲ್ಲ, ರಾಜಧಾನಿಯ ಕೃಪೆಯಿಲ್ಲ. ಆದರೂ ೧೯೪೭–೪೮ರ ಲೀಗಿನಲ್ಲಿ ಸೆಲ್ತಾ ನಾಲ್ಕನೆಯ ಸ್ಥಾನಕ್ಕೇರಿತು. ಆ ತಂಡದ ಪಹಿನ್ಯೊ ದೇಶದಲ್ಲೆಲ್ಲ ಹೆಚ್ಚು ಗೋಲು ಹೊಡೆದವನೆನಿಸಿದನು. ೧೯೪೮ರ ಕಪ್ ಪಂದ್ಯಾವಳಿಯಲ್ಲಿ ತಂಡವು ಅಂತಿಮ ಪಂದ್ಯವನ್ನು ಮುಟ್ಟಿ ಸೆವಿಲ್ಲಿಗೆ ೧–೪ರಿಂದ ಸೋತಿತು. ಸಣ್ಣ ಬಂದರಿನ ತಂಡವೊಂದಕ್ಕೆ ಇದು ದೊಡ್ಡ ಸಾಧನೆ. ಆದುದರಿಂದ ನ್ಯಾಯವಾದ ತೀರ್ಮಾನವಿಷ್ಟು: ೧೯೪೦ರ ಗೆಲುವಿಗೆ ಕಾಲವು ದಾರಿ ಮಾಡಿಕೊಟ್ಟಿತು, ಆ ದಾರಿಯಲ್ಲಿ ತಂಡವನ್ನು ನಡೆಸುವ ಶಕ್ತಿ ಈ ಮನುಷ್ಯನಲ್ಲಿತ್ತು. ಮೈದಾನದ ತುದಿಯಲ್ಲಿ ನಿಂತು ಇಡೀ ಆಟವನ್ನು ಎದುರಿಗಿಟ್ಟುಕೊಂಡು ನೋಡುವವನು ಗೋಲುರಕ್ಷಕನೊಬ್ಬನೇ. ಇಪ್ಪತ್ತು ವರ್ಷಗಳ ಈ ನೋಟ ಇವನಿಗೆ ಪಾಠವಾಗಿದ್ದಿರಬೇಕು.

೧೯೫೨ರಲ್ಲಿ ಅಲ್ಪಕಾಲ ರಾಷ್ಟ್ರೀಯ ತಂಡದ ಹೊಣೆಯೂ ಇವನ ಮೇಲೆ ಬಿದ್ದಿತು. ಆಮೇಲೆ ಸೆಲ್ತಾದಲ್ಲಿ ಮತ್ತೆ, ತನ್ನ ಮೊದಲ ಮನೆಯಾದ ಎಸ್ಪನ್ಯೋಲಿನಲ್ಲಿ ಮತ್ತೆ, ಇವನು ತರಬೇತು ನೀಡಿದನು. ಅವಿಯಾಸಿಯೋನಿನ ಕಾಲದಂತಹ ಗೆಲುವು ಮರಳಿ ಬರಲಿಲ್ಲ. ೧೯೫೮–೫೯ರಿಂದ ಮಾರ್ಕಾ ಪತ್ರಿಕೆಯು ಪ್ರತಿ ಲೀಗಿನಲ್ಲಿ ಪಂದ್ಯವೊಂದಕ್ಕೆ ಸರಾಸರಿ ಅತಿ ಕಡಿಮೆ ಗೋಲು ಬಿಟ್ಟುಕೊಟ್ಟ ಗೋಲುರಕ್ಷಕನಿಗೆ ಝಮೋರಾ ಪಾರಿತೋಷಕವನ್ನು ಕೊಡುತ್ತ ಬಂದಿದೆ. ಇವನು ಆಡಿದ್ದನ್ನು ಕಂಡವರು ಯಾರೂ ಉಳಿದಿರದ ಈ ಕಾಲದಲ್ಲಿಯೂ ಸ್ಪೇನಿನ ಮಕ್ಕಳು ಇವನ ಹೆಸರನ್ನು ಬಲ್ಲರು.

೬

ಈಗ ಮೊದಲಿನ ಪ್ರಶ್ನೆಗೆ ಮರಳೋಣ. ಎರಡು ಪದಕಗಳನ್ನು ಧರಿಸಿದ ಈ ವ್ಯಕ್ತಿ ಯಾವ ಪಕ್ಷದವನು?

ಇವನು ಶ್ರದ್ಧಾವಂತರ ಪತ್ರಿಕೆಗೆ ಬರೆದನು, ಗೆದ್ದವರ ಸೈನಿಕರಿಗಾಗಿ ಆಡಿದನು, ಅವರ ತಂಡಕ್ಕೆ ತರಬೇತು ಕೊಟ್ಟನು. ಈ ಲೆಕ್ಕದಲ್ಲಿ ಇವನನ್ನು ಫ್ರಾಂಕೊನ ಕಡೆಗೆ ಹಾಕಬಹುದು. ಗಣರಾಜ್ಯದ ಗೌರವವನ್ನು ಸ್ವೀಕರಿಸಿದನು, ಅದರ ಪತಾಕೆಯಡಿಯಲ್ಲಿ ಆಡಿದನು, ಕ್ಯಾಟಲೋನಿಯಕ್ಕೂ ಆಡಿದನು. ಈ ಲೆಕ್ಕದಲ್ಲಿ ಇನ್ನೊಂದು ಕಡೆಗೂ ಹಾಕಬಹುದು. ಎರಡು ಲೆಕ್ಕಗಳೂ ತಪ್ಪುವುದು ಒಂದೇ ಕಡೆಯಲ್ಲಿ: ಇವನಿಗೆ ಕೊಟ್ಟದ್ದನ್ನು ಇವನು ಆರಿಸಿಕೊಂಡದ್ದೆಂದು ಅವು ಎಣಿಸುತ್ತವೆ. ಪದಕವೆಂಬುದು ಪಡೆದವನಿಗಿಂತ ಹೆಚ್ಚಾಗಿ ಕೊಟ್ಟವನ ವಿಷಯದಲ್ಲಿ ಸಾಕ್ಷ್ಯ ನುಡಿಯುತ್ತದೆ. ೧೯೩೪ರ ಪದಕವು ಹೊಸ ಗಣರಾಜ್ಯಕ್ಕೆ ಸರ್ವಸಮ್ಮತ ವೀರನೊಬ್ಬನು ಬೇಕಾಗಿದ್ದನೆಂದು ಹೇಳುತ್ತದೆ. ೧೯೫೦ರ ದಶಕದ ಪದಕವು ಯುದ್ಧದಿಂದ ಹುಟ್ಟಿದ ಆಡಳಿತಕ್ಕೆ ಯುದ್ಧಕ್ಕಿಂತ ಹಿಂದಿನ ಕೀರ್ತಿಯಲ್ಲಿ ಪಾಲು ಬೇಕಾಗಿತ್ತೆಂದು ಹೇಳುತ್ತದೆ. ಝಮೋರಾನ ಅಂತರಂಗದ ಬಗೆಗೆ ಎರಡೂ ಮೂಕವಾಗಿವೆ.

ಹಾಗೆಂದು ಇತಿಹಾಸಕಾರನು ಎಲ್ಲವನ್ನೂ ಮನ್ನಿಸಿ ಸುಮ್ಮನಿರಬೇಕೆಂದಲ್ಲ. ಲೆಕ್ಕಪುಸ್ತಕದಲ್ಲಿ ಇನ್ನೊಂದು ಹೆಸರು ಉಳಿದಿದೆ. ಸೆರೆಮನೆಯ ದಿನಗಳಲ್ಲಿ ಝಮೋರಾನಿಗೆ ಆಸರೆಯಾದನೆಂದು ಹೇಳಲಾಗುವ ಕವಿ ಗಾಲ್ವೆಜ್ ಯುದ್ಧಾನಂತರ ಗೆದ್ದವರ ಕೈಗೆ ಸಿಕ್ಕಿದನು. ಸೈನಿಕ ನ್ಯಾಯಾಲಯವು ಅವನಿಗೆ ಮರಣದಂಡನೆ ವಿಧಿಸಿತು. ೧೯೪೦ರ ಏಪ್ರಿಲಿನಲ್ಲಿ ಮ್ಯಾಡ್ರಿಡ್ಡಿನಲ್ಲಿ ಅವನನ್ನು ಗುಂಡಿಟ್ಟು ಕೊಂದರು. ಅವಿಯಾಸಿಯೋನ್ ತಂಡವು ಲೀಗ್ ಗೆದ್ದದ್ದು ಅದೇ ತಿಂಗಳು, ಅದೇ ನಗರ ಅದರ ಮನೆ. ಕಾಪಾಡಿದವನಿಗೆ ಗುಂಡು, ಕಾಪಾಡಲ್ಪಟ್ಟವನಿಗೆ ಜಯಘೋಷ. ಇದರಲ್ಲಿ 
ಝಮೋರಾನ ತಪ್ಪೇನೂ ಇಲ್ಲ. ಆದರೆ ಆ ಆಳ್ವಿಕೆ ಎಂತಹದೆಂಬುದನ್ನು ಅದು ಕೊಟ್ಟ ಪದಕದಿಂದ ಅಳೆಯದೆ, ಅದು ಕೊಡದೆ ಹೋದ ಕರುಣೆಯಿಂದ ಅಳೆಯಬೇಕು.

ಝಮೋರಾ ೧೯೭೮ರ ಸೆಪ್ಟೆಂಬರ್ ೮ರಂದು ಬಾರ್ಸೆಲೋನದಲ್ಲಿ ತೀರಿಕೊಂಡನು. ಈ ಸಲ ಸುದ್ದಿ ನಿಜವಾಗಿತ್ತು. ಮೂರು ತಿಂಗಳು ಕಳೆಯುವಷ್ಟರಲ್ಲಿ, ಡಿಸೆಂಬರ್ ೬ರಂದು, ಸ್ಪೇನಿನ ಜನರು ಹೊಸ ರಾಜ್ಯಾಂಗವನ್ನು ಮತದಾನದಿಂದ ಅಂಗೀಕರಿಸಿದರು. ರಾಜತ್ವ, ಸರ್ವಾಧಿಕಾರ, ಗಣರಾಜ್ಯ, ಅಂತರ್ಯುದ್ಧ, ಮತ್ತೆ ಸರ್ವಾಧಿಕಾರ, ಕೊನೆಗೆ ಪ್ರಜಾಪ್ರಭುತ್ವದ ಹೊಸ್ತಿಲು: ಒಂದು ಆಯುಷ್ಯದಲ್ಲಿ ಇವನು ಇಷ್ಟನ್ನೂ ಕಂಡನು. ಪ್ರತಿಯೊಂದು ಆಳ್ವಿಕೆಯೂ ಇವನನ್ನು ತನ್ನವನೆಂದಿತು ಅಥವಾ ತನ್ನವನಲ್ಲವೆಂದು ಸೆರೆಗೆ ಹಾಕಿತು. ‘ಅವನು ಯಾವ ಪಕ್ಷದವನು?’ ಎಂದು ಕೇಳುವ ವಿದ್ಯಾರ್ಥಿಗೆ ನಾವು ಕೊಡಬಹುದಾದ ಉತ್ತರ ಇನ್ನೊಂದು ಪ್ರಶ್ನೆಯೇ: ಅವನನ್ನು ತಮ್ಮವನೆಂದು ಹೇಳಿಕೊಂಡವರು ಯಾರು, ಯಾವಾಗ, ಮತ್ತು ಏಕೆ? ಈ ಪ್ರಶ್ನೆಯನ್ನು ಕೇಳಲು ಕಲಿತ ವಿದ್ಯಾರ್ಥಿಯು ಅಂತರ್ಯುದ್ಧದ ಇತಿಹಾಸದಲ್ಲಿ ಸರಿಯಾದ ಬಾಗಿಲಿನಿಂದಲೇ ಒಳಹೊಕ್ಕಂತಾಗುವುದು.